ಎಂಟು ದಿನದ ಸ್ಟೋವು

ಎಂಟು ದಿನ ಸೈಕಲ್ ಮೇಲೆ ತಿರುಗಿ ಬರುವ ಗಂಡಸಿಗೆ ಸ್ಟೋವು ಯಾಕೆ ಬೇಕು? ನೀವೇ ಹೇಳಿ. ಒಂದು ಕಟ್ಟು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಇದ್ದರೆ ಮುಗಿಯಿತು. ನಮ್ಮಪ್ಪ ಚಕ್ಕಡಿ ಕಟ್ಟಿಕೊಂಡು ಹದಿನೈದು ದಿನದ ಹಾದಿಗೆ ಹೊರಟರೂ ಅವ್ವನ ಬುತ್ತಿಯ ಮೇಲೆಯೇ ಹೋಗಿ ಬರುತ್ತಿದ್ದ. ನಮ್ಮ ಮನೆಯವರಿಗೆ ಮಾತ್ರ ಸ್ಟೋವು ಬೇಕಾಯಿತು.

ದಾಂಡೇಲಿಯ ಕಾಗದದ ಕಾರ್ಖಾನೆ ಶುರುವಾದಾಗ ಧಾರವಾಡದ ಕಡೆಯಿಂದ ಬಂದವರು ನಾವು. ಬಂದು ನಾಲ್ಕೈದು ವರ್ಷವಾಯಿತು. ಬಿದಿರಿನ ಲಾರಿಗಳನ್ನು ತೂಗುವ ಕಾಟಾದ ಮೇಲೆ ಇವರ ಕೆಲಸ. ದಿನವಿಡೀ ತೂಗಿ ತೂಗಿ ಮನೆಗೆ ಬಂದರೂ ಅದೇ ಬುದ್ಧಿ. ಈ ದೀಪಾವಳಿ ಕಳೆದ ಮೇಲೆ ಒಂದು ದಿನ, ಎಂಟು ದಿನ ರಜೆ ಹಾಕಿದ್ದೇನೆ, ಹಳಿಯಾಳ, ಮುಂಡಗೋಡ, ಅತ್ತಿವೇರಿ ಎಂದು ಸೈಕಲ್ ಮೇಲೆ ತಿರುಗಿ ಬರುತ್ತೇನೆ ಎಂದರು. ನಾನು ಹ್ಞೂಂ ಎಂದೆ. ನಮ್ಮ ಮನೆಯಲ್ಲಿ ಅಷ್ಟು ಮಾತು ನಡೆದದ್ದೇ ಹೆಚ್ಚು.

ಮಳೆಗಾಲದಲ್ಲಿ ನಮ್ಮ ಮಾಲವ್ವ, ನಾಲ್ಕು ವರ್ಷದ ಕೂಸು, ಜ್ವರ ಬಂದು ತೀರಿಕೊಂಡಿತು. ಆಸ್ಪತ್ರೆಗೆ ಒಯ್ಯೋಣ ಎಂದು ಇವರು ಮೊದಲ ದಿನವೇ ಹೇಳಿದ್ದರು. ಸುಮ್ಮನಿರಿ, ಕಷಾಯ ಕುಡಿಸಿದರೆ ಇಳಿಯುತ್ತದೆ ಎಂದವಳು ನಾನು. ಮೂರು ದಿನ ಕುಡಿಸಿದೆ. ಇವರು ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ, ಅತ್ತು ಹಗುರಾಗುತ್ತಿದ್ದೆ. ಬೈಯದೆ, ನಾನು ಬಡಿಸಿದ್ದನ್ನು ಅರ್ಧ ಬಿಟ್ಟು ಏಳತೊಡಗಿದರು.

ಪಾತ್ರೆ ನಿನಗೆ ತಿಳಿಯುತ್ತವೆ ಎಂದು ಉಸ್ಮಾನಸಾಬನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ನಾಲ್ಕು ತಿಂಗಳ ಮೇಲೆ ಇಬ್ಬರೂ ಕೂಡಿ ಪೇಟೆಗೆ ಹೊರಟದ್ದು. ಹುಚ್ಚಿ ನಾನು, ಒಳ್ಳೆಯ ಸೀರೆ ಉಟ್ಟುಕೊಂಡೆ.

ಅಂಗಡಿಯಲ್ಲಿ ಒಂದೊಂದನ್ನೂ ಅಂಗೈ ಮೇಲಿಟ್ಟು ತೂಗಿ ನೋಡಿದರು. ಹಿತ್ತಾಳೆಯದು ಭಾರ, ಕಲಾಯಿ ಹೋದರೆ ಹಾದಿಯಲ್ಲಿ ಹಾಕುವವರೂ ಇಲ್ಲ ಎಂದು ನಾನೇ ಬಿಡಿಸಿದೆ. ಒಂದರೊಳಗೊಂದು ಕೂಡುವ ಅಲ್ಯೂಮಿನಿಯಂ ಬೋಗುಣಿ ಎರಡು, ಮುಚ್ಚಳಕ್ಕೂ ಊಟಕ್ಕೂ ಆಗುವ ಒಂದು ತಾಟು, ಒಂದು ಲೋಟ ಆರಿಸಿದೆ. ಸ್ಟೋವಿನಲ್ಲಿ ಅವರಿಗೆ ಪಂಪಿನದರ ಮೇಲೆ ಮನಸ್ಸು. ಗಾಳಿಗೆ ಆರುವುದಿಲ್ಲ, ಅನ್ನ ಬೇಗ ಆಗುತ್ತದೆ. ನಾನು ಬೇಡವೆಂದೆ. ಒಲೆಯ ಮುಂದೆ ಎಂದೂ ಕೂತವರಲ್ಲ, ಅಳತೆ ಮೀರಿ ಪಂಪು ಹೊಡೆದರೆ ಉರಿ ಮುಖಕ್ಕೇ ಹಾರುತ್ತದೆ. ಬತ್ತಿಯ ಸ್ಟೋವು ಒಯ್ಯಿರಿ, ಗಾಳಿಗೆ ಸುತ್ತ ಒಂದು ತಗಡು ನಿಲ್ಲಿಸಿರಿ ಎಂದೆ. ನನ್ನ ಮೇಲೆ ಎಷ್ಟೇ ಸಿಟ್ಟಿರಲಿ, ಆ ಮುಖ ಸುಡಬಾರದು. ಬತ್ತಿಯದನ್ನೇ ತೆಗೆದುಕೊಂಡರು.

ಉಸ್ಮಾನಸಾಬ ಎಲ್ಲವನ್ನೂ ಹಳೆಯ ಕಾಗದದಲ್ಲಿ ಸುತ್ತುತ್ತ ನಕ್ಕ.

"ಎಂಟ ದಿನಕ್ಕ ಇಷ್ಟೆಲ್ಲಾ ಯಾಕ್ರಿ ಅಂದಾನೆಪ್ಪನವರ? ಅಕ್ಕಾರು ರೊಟ್ಟಿ ಕಟ್ಟಿ ಕೊಡೂದಿಲ್ಲೇನು?"

ಇವರು ನಗಲಿಲ್ಲ. ಬತ್ತಿಯ ತಿರುಪನ್ನು ಏರಿಸಿ ಇಳಿಸಿ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಬುತ್ತಿ ಒಯ್ದವನು ಬುತ್ತಿ ಮುಗಿದ ಮೇಲೆ ಮನೆಗೆ ಬರಲೇಬೇಕು. ಸ್ಟೋವು ಒಯ್ದವನು ಎಲ್ಲಿ ಬೇಕಾದರೂ ಇರಬಹುದು. ತಾಟು ಒಂದೇ, ಲೋಟ ಒಂದೇ, ನಾನೇ ಆರಿಸಿಕೊಟ್ಟಿದ್ದೆ.

ಮರುದಿನ ಅನ್ನ ಮಾಡುವುದನ್ನು ಕಲಿಸು ಎಂದರು. ಕಲಿಸುವುದಿಲ್ಲ ಎನ್ನಬೇಕಿತ್ತು. ಅಂಗಳದಲ್ಲಿ ಸ್ಟೋವು ಹಚ್ಚಿ, ಅಕ್ಕಿಯ ಮೇಲೆ ಬೆರಳಿಟ್ಟು ಒಂದು ಗೆಣ್ಣು ನೀರು ಎಂದು ತೋರಿಸಿಕೊಟ್ಟೆ. ಮೊದಲ ದಿನ ತಳ ಹತ್ತಿತು. ಎರಡನೆಯ ದಿನ ಮುದ್ದೆಯಾಯಿತು. ಮೂರನೆಯ ದಿನ ಚಂದಾಗಿ ಅರಳಿತು. ಅದನ್ನು ಆ ತಾಟಿನಲ್ಲಿ ಹಾಕಿಕೊಂಡು, ಒಂದು ಅಗುಳೂ ಬಿಡದೆ ಉಂಡರು. ನಾಲ್ಕು ತಿಂಗಳಲ್ಲಿ ಅವರು ಹೊಟ್ಟೆ ತುಂಬ ಉಂಡದ್ದು ಅವತ್ತೇ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ.

ಆದರೂ ಆಸೆ ಎಲ್ಲಿ ಬಿಡುತ್ತದೆ? ಎರಡು ದಿನ ಕೂತು ರೊಟ್ಟಿ ಬಡಿದೆ. ತೆಳ್ಳಗೆ ಬಡಿದು, ಕೆಂಡದ ಪಕ್ಕ ನಿಲ್ಲಿಸಿ ಒಣಗಿಸಿ, ಬಿಳಿ ಅರಿವೆಯಲ್ಲಿ ಕಟ್ಟಿದೆ. ಇದನ್ನು ಒಯ್ದರೆ ತಿರುಗಿ ಬರುತ್ತಾರೆ ಎಂದು ನನ್ನಷ್ಟಕ್ಕೆ ನಾನೇ ಗಟ್ಟಿ ಮಾಡಿಕೊಂಡೆ.

ಹೊರಡುವ ದಿನ ಬೆಳಿಗ್ಗೆ ಕ್ಯಾರಿಯರಿಗೆ ಸ್ಟೋವು, ಬೋಗುಣಿ, ಅಕ್ಕಿಯ ಚೀಲ ಬಿಗಿದರು. ಚಿಮಣಿ ಎಣ್ಣೆಯ ಬಾಟಲಿಯನ್ನು ಅಕ್ಕಿಗೆ ತಾಗದಂತೆ ಹ್ಯಾಂಡಲಿಗೆ ಕಟ್ಟಿದರು. ನಾನು ಬುತ್ತಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು, ರೂಢಿಯಂತೆ ಒಮ್ಮೆ ತೂಗಿದರು.

"ಭಾರ ಆಗ್ತೈತಿ."

"ಒಣಾ ರೊಟ್ಟಿ ಅದಾವ್ರಿ. ಅಷ್ಟೊಂದು ಹೇರೀರಿ, ಇದೊಂದೇನ್ ಭಾರ?"

ನನ್ನ ಮುಖ ನೋಡಿದರು. ನಾಲ್ಕು ತಿಂಗಳ ಮೇಲೆ ನೋಡಿದರು.

"ನಾ ನಿನಗ ಏನೂ ಅನ್ನೂದಿಲ್ಲ ಸುಶೀಲಾ. ಆದ್ರ ನಿನ್ನ ಕೈಯಾಂದು ನನ್ನ ಗಂಟಲಾಗ ಇಳೀವಲ್ದು."

ಬುತ್ತಿಯನ್ನು ಕಟ್ಟೆಯ ಮೇಲೆ ಇಟ್ಟರು. ರೊಟ್ಟಿ ಮುರಿಯದಂತೆ ಮೆಲ್ಲಗೆ ಇಟ್ಟರು. ಹಳಿಯಾಳದ ರಸ್ತೆಗೆ ತಿರುಗುವವರೆಗೂ ಬೋಗುಣಿಯ ಸದ್ದು ಕೇಳುತ್ತಿತ್ತು.

ಎಂಟು ದಿನವಾಯಿತು, ಹದಿನೈದಾಯಿತು. ಕಾರ್ಖಾನೆಯಿಂದ ಎರಡು ಸಲ ಕೇಳಿ ಕಳಿಸಿದರು. ಓಣಿಯವರು ಬಂದು ಕೂತರೆ, ಹಾಳಾಗಿ ಹೋಗಲಿ ಎಂದು ಬಾಯಿಗೆ ಬಂದಂತೆ ಬೈಯುತ್ತೇನೆ. ಅವರು ಎದ್ದು ಹೋದ ಮೇಲೆ ಬುತ್ತಿ ಬಿಚ್ಚಿ ನೋಡುತ್ತೇನೆ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಇದು ಎರಡನೆಯ ತಿಂಗಳು.