ಅಗೆಯದೆ ಬಿಟ್ಟ ನೆಲ

"ಗುದ್ದಲಿ ಮಡುಗಪ್ಪಾ ಕೆಳಕ್ಕೆ!" ಎಂದು ತಂಗಿಯ ಅತ್ತೆ ಪುಟ್ಟಗಂಗಮ್ಮ ಹಿತ್ತಿಲ ಬಾಗಿಲಿನಿಂದಲೇ ಕೂಗಿಕೊಂಡಾಗ ಅಡವಿಯಪ್ಪನ ಮೊದಲ ಏಟು ಇನ್ನೂ ನೆಲಕ್ಕೆ ಬಿದ್ದಿರಲಿಲ್ಲ. "ನಿನ್ನೆ ಒಕ್ಲಾಗಿರೋ ಮನೆ ಕಣಪ್ಪಾ. ಮೂರ್ ತಿಂಗ್ಳು ನೆಲ ಅಗೀಬಾರ್ದು. ಅಷ್ಟೂ ಗೊತ್ತಾಗಕಿಲ್ವಾ ನಿಂಗೆ?"

ಗುಬ್ಬಿಯ ವೈರ್‌ಮನ್ ಅಡವಿಯಪ್ಪ ಕುಣಿಗಲ್ಲಿನಲ್ಲಿ ತಂಗಿ ಹನುಮಕ್ಕ ಕಟ್ಟಿಸಿದ ಹೊಸ ಮನೆಗೆ ವೈರಿಂಗ್ ಮಾಡಿಕೊಟ್ಟಿದ್ದ. ಅದು ಎಪ್ಪತ್ತೆಂಟನೆಯ ಇಸವಿ. ಮೀಟರು, ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ಚು, ಫ್ಯೂಸುಗಳು ಎಲ್ಲವೂ ಹಲಗೆಯ ಮೇಲೆ ಒಪ್ಪವಾಗಿ ಕೂತಿದ್ದವು. ಉಳಿದದ್ದು ಅರ್ಥಿಂಗ್ ಒಂದೇ. ತುಮಕೂರಿನಿಂದ ಬರಬೇಕಾಗಿದ್ದ ಪೈಪು ಗೃಹಪ್ರವೇಶ ಮುಗಿದ ಮರುದಿನ ಬಂದಿತ್ತು.

"ಪೈಪ್ ಹೂತು ಸುತ್ತ ಇದ್ಲು, ಉಪ್ಪು ತುಂಬ್ಬೇಕಮ್ಮಾ. ಪೆಟ್ಟಿಗೆಗೇನಾರ ಕರೆಂಟ್ ಹರುದ್ರೆ ಭೂಮಿಗೋಯ್ತದೆ, ಫ್ಯೂಸ್ ಸುಟ್ಟು ಕರೆಂಟ್ ನಿಂತೋಯ್ತದೆ. ಇಲ್ದಿದ್ರೆ ಮುಟ್ದೋರ್ ಮೈಮೇಲೆ ಹರೀತದೆ."

"ಉಪ್ಪಾ? ಕರೆಂಟೇನ್ ಮಾವಿನ್ಕಾಯಾ, ಉಪ್ಪಾಕಕೆ!"

ಒಳಗಿದ್ದ ನೆಂಟರ ಹೆಂಗಸರು ಗೊಳ್ಳೆಂದು ನಕ್ಕರು.

ಹನುಮಕ್ಕ ಅಣ್ಣನನ್ನು ನೀರಿನ ತೊಟ್ಟಿಯ ಬಳಿ ಕರೆದಳು. "ಅಣ್ಣಾ, ಇವತ್ತು ಲೈಟ್ ಹತ್ತುತ್ತೆ ಅಂತ ಬೀದಿಗೆಲ್ಲ ಹೇಳವ್ರೆ. ನೀನು ಆಗಲ್ಲ ಅಂತ ಹೋಗ್ಬುಟ್ರೆ ನಮ್ಮತ್ತೆ ಬಾಯಲ್ಲಿ ನಾನು ದಿನಾ ನಿನ್ ಹೆಸ್ರು ಕೇಳ್ಬೇಕು. ಮೂರ್ ತಿಂಗ್ಳು ಕಳುದ್ ಮ್ಯಾಕೆ ನೀನೇ ಬಂದು ಹೂಣುವಂತೆ ಬುಡು."

ಬೇರೆಯವರ ಮನೆಯಾಗಿದ್ದರೆ ಅಡವಿಯಪ್ಪ ಫ್ಯೂಸುಗಳನ್ನು ಕಿತ್ತು ಜೇಬಿಗಿಳಿಸಿ ಬಸ್ಸು ಹತ್ತಿಬಿಡುತ್ತಿದ್ದ. ಹಾಗೆ ಎಷ್ಟೋ ಸಾಹುಕಾರರ ಕೋಪಕ್ಕೆ ಗುರಿಯಾಗಿದ್ದವನೇ ಅವನು. ಆದರೆ ಅಪಾಯ ಅಕ್ಕರೆಯ ಮುಖ ಹೊತ್ತು ಬಂದಾಗ ಅದನ್ನು ಗುರುತಿಸುವ ನಿಷ್ಠುರತೆ ಅವನಲ್ಲಿ ಇರಲಿಲ್ಲ. ಎಲ್ಲ ಸರಿಯಾಗಿದೆಯೆಂಬ ಅವನ ಮಾತನ್ನು ನಂಬಿ ಲೈನ್‌ಮನ್ ಮೀಟರಿಗೆ ಸೀಲು ಹಾಕಿ ಹೋದ. ಸಂಜೆ ದೀಪಗಳು ಹೊತ್ತಿದವು. ಪುಟ್ಟಗಂಗಮ್ಮ ಕೈಮುಗಿದಳು.

ಮೂರು ತಿಂಗಳು ಕಳೆದವು. ನೆಲದ ಮೇಲಿದ್ದ ನಿರ್ಬಂಧವೂ ಕಳೆಯಿತು. ಆದರೂ ಅಡವಿಯಪ್ಪ ಹೋಗಲಿಲ್ಲ. ಗುಬ್ಬಿಯಲ್ಲಿ ಒಂದರ ಹಿಂದೊಂದು ಕೆಲಸ. ಮುಂದಿನ ವಾರ ಹೋದರಾಯಿತು ಎಂದುಕೊಂಡ. ಮುದುಕಿಯ ಅಜ್ಞಾನಕ್ಕೆ ಗಡುವಿತ್ತು. ಬಲ್ಲವನ ಉದಾಸೀನಕ್ಕೆ ಗಡುವಿರಲಿಲ್ಲ.

ಆ ಮನೆಯಲ್ಲಿ ಶುಕ್ರವಾರ ಹೊಸ್ತಿಲು ತೊಳೆದ ಮೇಲೆ ಮೇನ್ ಸ್ವಿಚ್ಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಕುಂಕುಮವಿಡುವ ರೂಢಿ ಬೆಳೆದಿತ್ತು. ಬೆಳಕು ಕೊಡುವ ದೇವರಲ್ಲವೇ! ಪೆಟ್ಟಿಗೆಯೊಳಗೆ ಇಲಿ ಕಡಿದ ತಂತಿಯೊಂದು ಕಬ್ಬಿಣಕ್ಕೆ ತಗುಲಿದ್ದುದನ್ನು ಯಾರೂ ಕಂಡಿರಲಿಲ್ಲ. ಅಂಥದೊಂದು ಶುಕ್ರವಾರ ಒರೆಸುತ್ತಿದ್ದ ಹನುಮಕ್ಕನ ಬಲಗೈ ಪೆಟ್ಟಿಗೆಗೆ ಕಚ್ಚಿಕೊಂಡಿತು. ಗಂಡ ಆಂಜನಪ್ಪ ಒನಕೆಯಿಂದ ಹೊಡೆದು ಬಿಡಿಸಿದ. ಜೀವ ಉಳಿಯಿತು, ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡವು, ಮತ್ತೆ ಬಿಚ್ಚಿಕೊಳ್ಳಲಿಲ್ಲ.

ಅವಳು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವೇ ಅಡವಿಯಪ್ಪ ಬಂದ. ಗುಂಡಿ ಎಲ್ಲಿ ತೋಡಲಿ ಎಂದು ಕೇಳುವ ಮೊದಲೇ ಪುಟ್ಟಗಂಗಮ್ಮ ಮೂಲೆ ತೋರಿಸಿದಳು. "ನಾನ್ ಅಂದಿದ್ದು ಮೂರೇ ತಿಂಗ್ಳು ಕಣಪ್ಪಾ..." ಎಂದಳು. ಅದು ಬೈಗುಳದಂತೆ ಇರಲಿಲ್ಲ. ಅವನು ಮಧ್ಯಾಹ್ನದವರೆಗೆ ಅಗೆದು, ಪೈಪು ಹೂತು, ಇಲಿ ಕಡಿದ ತಂತಿ ಬದಲಿಸಿ, ಪೈಪಿನಿಂದ ಹೊಸ ತಂತಿ ಎಳೆದು ಪೆಟ್ಟಿಗೆಗೆ ಬಿಗಿದ. ಅರ್ಥಿಂಗ್ ಹಿಡಿದಿದೆಯೇ ಎಂದು ನೋಡಲು ಹಚ್ಚಿದ ಪರೀಕ್ಷೆಯ ಬಲ್ಬು ಪ್ರಖರವಾಗಿ ಉರಿಯಿತು. ಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ.

ಊಟಕ್ಕೆ ಕೂತಾಗ ಹನುಮಕ್ಕ ತಾನೇ ಬಡಿಸಲು ಬಂದಳು. ಬಲಗೈಯನ್ನು ಸೆರಗಿನೊಳಗಿಟ್ಟುಕೊಂಡಿದ್ದಳು.

"ಎಡಗೈ ಕಣಣ್ಣಾ. ಬೇಜಾರ್ ಮಾಡ್ಕಬ್ಯಾಡ."

ಎಡಗೈಯಲ್ಲಿ ಬಡಿಸಿದ್ದನ್ನು ಆ ಮನೆಯಲ್ಲಿ ಯಾರೂ ಉಂಡವರಲ್ಲ. ಪುಟ್ಟಗಂಗಮ್ಮ ಗೋಡೆಯತ್ತ ಮುಖ ತಿರುಗಿಸಿ ಕೂತಳು. ಸೌಟು ವಾಲಿತು, ಸಾರು ಮುದ್ದೆಯ ಪಕ್ಕಕ್ಕೆ ಬೀಳದೆ ನೆಲದ ಮೇಲೆ ಹರಿಯಿತು. ಅಡವಿಯಪ್ಪ ತಟ್ಟೆಯನ್ನು ಎರಡೂ ಕೈಗಳಲ್ಲಿ ಎತ್ತಿ ಅವಳ ಸೌಟಿನ ಕೆಳಗೆ ಹಿಡಿದ.