ಎರಡು ಗೆರೆಗಳ ನಡುವಿನ ಮೈದಾನ

ಶರ್ವಾಣಿ ನಕಾಶೆಯನ್ನು ಊಟದ ಮೇಜಿನ ಮೇಲೆ ಬಿಡಿಸಿ, ಮತ್ತೆ ಸುರುಳಿ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟಳು. ಚಹಾದ ತಟ್ಟೆ ಹಿಡಿದು ಬಂದ ಗುರುಸಿದ್ದಪ್ಪ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಆ ನಕಾಶೆ ಎಲ್ಲೋ ಕಳೆದುಹೋಗಿದೆ ಎಂದು ಅವರು ಒಂದು ವರ್ಷ ಎರಡು ತಿಂಗಳಿಂದ ನಂಬಿದ್ದರು. ಕಳೆದದ್ದು ಒಳ್ಳೆಯದೇ ಆಯಿತು ಎಂದೂ ಅಂದುಕೊಂಡಿದ್ದರು.

ಶರ್ವಾಣಿ ವೈಜಾಪುರದ ಹುಡುಗಿ. ಗುರುಸಿದ್ದಪ್ಪನವರ ಮಗಳು ಅಪೂರ್ವಳ ಜೊತೆ ನಾಸಿಕದಲ್ಲಿ ಇಂಜಿನಿಯರಿಂಗ್ ಓದಿದವಳು. ಈಗ ಔರಂಗಾಬಾದಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ನಾಸಿಕ್ ರೋಡಿನ ತನ್ನ ಬಾಡಿಗೆ ಕೋಣೆ ಖಾಲಿ ಮಾಡುವಾಗ ಕಪಾಟಿನ ಹಿಂದೆ ಈ ಸುರುಳಿ ಸಿಕ್ಕಿತಂತೆ. ಅಪ್ಪುವಿನ ಅಕ್ಷರ ಇದೆ, ಕಾಕೂ ಕೈಗೇ ಕೊಡಬೇಕು ಎಂದು ಬಸ್ಸು ಹತ್ತಿ ಓಝರ್‌ಗೆ ಬಂದಿದ್ದಳು. ಪಾಪ, ಅವಳ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು.

ಗುರುಸಿದ್ದಪ್ಪನವರ ಹೆಂಡತಿ ಪ್ರೇಮಾ, ಶರ್ವಾಣಿಯ ಕಾಕೂ, ಕನ್ನಡಕ ಹಾಕಿಕೊಂಡು ಬಾಗಿದರು. ಮಗಳು ಸತ್ತ ಮೇಲೆ ಅವಳ ಕೈಬರಹ ಕಂಡಲ್ಲೆಲ್ಲ ಬೆರಳಾಡಿಸುವುದು ಅವರಿಗೆ ರೂಢಿಯಾಗಿತ್ತು. ಹಾಲಿನ ಚೀಟಿಯಾದರೂ ಸರಿಯೇ. ಓಝರ್‌ನಲ್ಲೇ ಹುಟ್ಟಿ ಬೆಳೆದ ಅಪೂರ್ವಳಿಗೆ ಕನ್ನಡದ ಲಿಪಿ ಬರುತ್ತಿರಲಿಲ್ಲ. ಅಪ್ಪ ಜಮಖಂಡಿಯ ಕನ್ನಡದಲ್ಲಿ ಹೇಳಿದ್ದನ್ನು ಅವಳು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ನಕಾಶೆಯ ತುಂಬ ಅದೇ. ಇಲ್ಲಿ ವಿಮಾನ ಇಳಿಯುವ ಜಾಗ, ಬ್ಯಾಡ. ದೇವಳಾಲಿಯಲ್ಲಿ ಮಿಲಿಟರಿ, ಬ್ಯಾಡ. ನಾಸಿಕ್ ರೋಡಿನಲ್ಲಿ ನೋಟಿನ ಪ್ರೆಸ್, ಬ್ಯಾಡ. ಗೋದಾವರಿಯ ಘಾಟಿನಲ್ಲಿ ಜನ, ಬ್ಯಾಡ. ನಾಂದೂರಿನ ನೀರಿನಲ್ಲಿ ಹಕ್ಕಿ, ಪಾಪ, ಬ್ಯಾಡ. ಹಕ್ಕಿಯ ಮುಂದಿನ 'ಪಾಪ' ಮಾತ್ರ ಅಪ್ಪ ಹೇಳಿದ್ದಲ್ಲ, ಅವಳದೇ.

ಡ್ರೋನ್ ಅವಳಿಗೆ ಹುಚ್ಚು ಹಿಡಿಸಿತ್ತು. ಬಿಡಿಭಾಗ ತರಿಸಿ, ತಾನೇ ಕೂತು ಜೋಡಿಸಿದ್ದಳು. ಮೂವತ್ತೆರಡು ವರ್ಷ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿದ ಗುರುಸಿದ್ದಪ್ಪ ಮೊದಲು ಸಿಡಿಮಿಡಿಗೊಂಡರು, ಆಮೇಲೆ ತಾವೇ ತಲೆ ಹಾಕಿದರು. ಇದು ಆಟಿಕೆ ಅಲ್ಲ, ಹಾರುವ ಯಂತ್ರ, ಎಲ್ಲಿ ಬೇಕಾದಲ್ಲಿ ಹಾರಿಸಿದರೆ ಯಾರದಾದರೂ ತಲೆ ಒಡೆಯುತ್ತದೆ ಎಂದರು. ಆಗಿನ್ನೂ ಸರ್ಕಾರದ ನಿಯಮಗಳು ನೆಟ್ಟಗೆ ಬಂದಿರಲಿಲ್ಲ. ನಾಸಿಕದ ಹವ್ಯಾಸಿಗಳ ಗುಂಪು ತಮಗೆ ತಾವೇ ಒಂದು ಕಟ್ಟುಪಾಡು ಮಾಡಿಕೊಂಡಿತ್ತು. ರನ್‌ವೇಯಿಂದ ಎಂಟು ಕಿಲೋಮೀಟರ್ ಒಳಗೆ ಹಾರಿಸಕೂಡದು, ಜಾಗದ ಒಡೆಯರನ್ನು ಕೇಳಬೇಕು, ಪೊಲೀಸ್ ಚೌಕಿಗೆ ತಿಳಿಸಬೇಕು. ಅಪ್ಪ ಮಗಳು ಇದೇ ಮೇಜಿನ ಮೇಲೆ, ನಕಾಶೆಯ ರನ್‌ವೇಗೆ ಕೈವಾರದ ಮೊನೆ ಊರಿ ಎಂಟು ಕಿಲೋಮೀಟರಿನ ನೀಲಿ ಗೆರೆ ಎಳೆದರು. ಅದಾದ ಮೇಲೆ ಗುರುಸಿದ್ದಪ್ಪ ಕೈವಾರ ಇನ್ನಷ್ಟು ಅಗಲಿಸಿ ಹನ್ನೆರಡು ಕಿಲೋಮೀಟರಿನ ಕೆಂಪು ಗೆರೆಯನ್ನೂ ಎಳೆದು, ನೀನು ಇದರ ಆಚೆಗೇ ಹಾರಿಸು ಎಂದರು.

ಅದು ಅವರ ಸ್ವಭಾವ. ಪುಸ್ತಕ ಒಂದು ಎಂದರೆ ಇವರು ಒಂದೂವರೆ. ಬೋಲ್ಟಿಗೆ ಇಷ್ಟು ಸವೆತ ಇದ್ದರೂ ನಡೆಯುತ್ತದೆ ಎಂದು ಬರೆದಿದ್ದರೆ ಅದರ ಅರ್ಧಕ್ಕೇ ತೆಗೆದು ಎಸೆಯುವ ಆಸಾಮಿ. ಕಾರ್ಖಾನೆಯ ಮರಾಠಿ ಜನ ಬೆನ್ನ ಹಿಂದೆ 'ದೀಡ್ ಸಾಹೇಬ' ಎನ್ನುತ್ತಿದ್ದರು, ಒಂದೂವರೆ ಸಾಹೇಬರು ಎಂದು. ಅವರಿಗದು ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ತಾವು ಸಹಿ ಹಾಕಿದ ಒಂದು ವಿಮಾನವೂ ಬಿದ್ದಿಲ್ಲ ಎಂದು ನಿವೃತ್ತಿ ಹತ್ತಿರ ಬಂದವರು ಹೇಳಿಕೊಳ್ಳಬಾರದೇನು?

"ಇದ್ಯಾಕ ಎರಡು ಗೆರಿ ಅದಾವು?" ಎಂದು ಪ್ರೇಮಾ ಕೇಳಿದರು.

ಕೇಳಿದ್ದು ಗಂಡನನ್ನು. ಗುರುಸಿದ್ದಪ್ಪ ತಟ್ಟೆ ಇಡಲು ಜಾಗ ಹುಡುಕುತ್ತಿದ್ದರು. ಉತ್ತರ ಕೊಟ್ಟವಳು ಶರ್ವಾಣಿ.

"ನಿಳೀ ರೇಘ್ ಆಮಚೀ, ಕಾಕೂ. ಲಾಲ್ ಕಾಕಾಂಚೀ."

ನೀಲಿ ನಮ್ಮ ಗುಂಪಿನದು, ಕೆಂಪು ಕಾಕಾ ಅವರದು. ಹೇಳಿ ನಕ್ಕಳು ಕೂಡ. ಕಾಕಾ ಎಷ್ಟು ಬಿಗಿ ಎಂದು ಗುಂಪಿನಲ್ಲಿ ಅಪ್ಪುವನ್ನು ಕಾಡುತ್ತಿದ್ದೆವು ಎಂದಳು. ಪ್ರೇಮಾ ನಗಲಿಲ್ಲ. ಅವರ ಬೆರಳು ಎರಡು ಗೆರೆಗಳ ನಡುವೆ, ದ್ರಾಕ್ಷಿ ತೋಟಗಳ ಆಚೆ ಇದ್ದ ಒಂದು ಸಣ್ಣ ಚೌಕದ ಮೇಲೆ ನಿಂತಿತ್ತು. ಹಳ್ಳಿಯೊಂದರ ಹೈಸ್ಕೂಲು ಮೈದಾನ ಅದು. ಹಾಗಾದರೆ ಇಲ್ಲಿ ಹಾರಿಸಬಹುದಿತ್ತೇ ಎಂದು ಕೇಳಿದರು. ಹೂಂ, ನಾವೆಲ್ಲ ಭಾನುವಾರ ಅಲ್ಲೇ ಹೋಗುತ್ತಿದ್ದೆವು, ಹೆಡ್‌ಮಾಸ್ತರರ ಪತ್ರವೂ ಇತ್ತು, ಅಪ್ಪು ಮಾತ್ರ ಬರುತ್ತಿರಲಿಲ್ಲ ಎಂದು ಶರ್ವಾಣಿ ಹೇಳುತ್ತಿದ್ದವಳು ಕಾಕೂ ಮುಖ ನೋಡಿ ನಿಲ್ಲಿಸಿದಳು.

ಅಪ್ಪುವಿಗಾಗಿ ಗುರುಸಿದ್ದಪ್ಪ ಆರಿಸಿದ್ದ ಜಾಗ ಬೇರೆ. ಚಾಂದವಡ್ ದಾಟಿ, ಘಾಟಿನ ಕೆಳಗೆ ಒಂದು ಗಾಯರಾನ, ದನ ಮೇಯಿಸಲು ಬಿಟ್ಟ ಬಯಲು. ಮನೆಯಿಂದ ಐವತ್ತು ಕಿಲೋಮೀಟರಿನ ಹತ್ತಿರ. ಎರಡು ಭಾನುವಾರ ತಾವೇ ಹೋಗಿ ನಡೆದು ನೋಡಿದ್ದರು. ವಿದ್ಯುತ್ ತಂತಿ ಇಲ್ಲ, ಮನೆ ಇಲ್ಲ, ಮೊಬೈಲ್ ಟವರ್ ಇಲ್ಲ. ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಸುತ್ತದೆ ಎಂದು ಕರವಸ್ತ್ರ ಹಿಡಿದು ಪರೀಕ್ಷಿಸಿದ್ದರು. ಆಮೇಲೆ ಅಪ್ಪ ಮಗಳು ಕಾರಿನಲ್ಲಿ ಹೋಗಿ ಹಾರಿಸಿ ಬರುತ್ತಿದ್ದರು. ಆ ಭಾನುವಾರ ಮಾತ್ರ ಅವರಿಗೆ ಕಾರ್ಖಾನೆಯಲ್ಲಿ ಓವರ್‌ಟೈಮ್ ಬಿತ್ತು. ಶರ್ವಾಣಿ ಯಾರದೋ ಮದುವೆಗೆಂದು ವೈಜಾಪುರಕ್ಕೆ ಹೋಗಿದ್ದಳು. ಅಪೂರ್ವ ಸ್ಕೂಟರಿನಲ್ಲಿ ಒಬ್ಬಳೇ ಹೋದಳು. ಸಂಜೆ ಫೋನ್ ಮಾಡಿ, ಪಪ್ಪಾ ಇಳೀತು, ಎಲ್ಲಾ ಬರೋಬರ್ ಐತಿ, ಹೊರಟೆ ಎಂದಳು. ಡ್ರೋನಿನ ಡಬ್ಬಿಯ ಕೊಂಡಿ ಹಾಕಿದ್ದೀಯೇನು ನೋಡು ಎಂದು ಇವರು ಹೇಳಿದರು. ಮಗಳಿಗೆ ಹೇಳಿದ ಕೊನೆಯ ಮಾತು ಅದು.

ಹೆದ್ದಾರಿಯಲ್ಲಿ ಈರುಳ್ಳಿ ತುಂಬಿದ ಟ್ರಾಲಿಯೊಂದು ಹಿಂದಿನ ದೀಪವಿಲ್ಲದೆ ನಿಂತಿತ್ತು. ಸ್ಕೂಟರ್ ಗುರುತು ಸಿಗದಂತಾಗಿತ್ತು. ಡ್ರೋನಿನ ಡಬ್ಬಿಯನ್ನು ಪೊಲೀಸರು ಮೂರನೆಯ ದಿನ ತಂದುಕೊಟ್ಟರು. ಗುರುಸಿದ್ದಪ್ಪ ತಾವೇ ಅಳತೆ ಮಾಡಿ ಸ್ಪಂಜು ಕೊರೆದು ಕೂರಿಸಿದ್ದ ಡಬ್ಬಿ. ಒಳಗಿನ ಯಂತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನೋಡಿ ಅವರು ಅತ್ತದ್ದನ್ನು ಓಣಿಯ ಜನ ಇನ್ನೂ ಹೇಳುತ್ತಾರೆ.

ಹದಿಮೂರು ದಿನ ಕಳೆದ ಮೇಲೆ ಪ್ರೇಮಾ ಒಂದೇ ಒಂದು ಸಲ ಕೇಳಿದ್ದರು. ಆ ಶಾಲೆಯ ಮೈದಾನದಲ್ಲಿ ಹಾರಿಸುವಂತೆ ಇರಲೇ ಇಲ್ಲವೇ ಎಂದು. ಗುರುಸಿದ್ದಪ್ಪ ಗೋಡೆ ನೋಡುತ್ತ, "ಇಲ್ಲ. ಕಾಯ್ದೇನ ಹಂಗೈತಿ" ಎಂದುಬಿಟ್ಟರು. ಮೂವತ್ತೆರಡು ವರ್ಷದಲ್ಲಿ ಒಂದು ಸುಳ್ಳು ಸಹಿಯನ್ನೂ ಹಾಕದ ಮನುಷ್ಯ. ಹೆಂಡತಿ ತಲೆಯಾಡಿಸಿ ಎದ್ದು ಹೋಗಿ, ಅಂದು ಮೊದಲ ಬಾರಿಗೆ ಎರಡು ತುತ್ತು ಅನ್ನ ಉಂಡರು. ಸುಳ್ಳು ಹೇಳಿ ತಾವು ಬಚಾವಾದೆವು ಎಂದು ಗುರುಸಿದ್ದಪ್ಪ ತಿಳಿದರು. ಆಕೆ ಯಾಕೆ ಉಂಡಳು ಎಂದು ಯೋಚಿಸಲಿಲ್ಲ.

ಈಗ ಪ್ರೇಮಾ ಲೋಟಗಳನ್ನು ಒಂದೊಂದೇ ತೆಗೆದರು, ನಕಾಶೆ ತಾನಾಗಿಯೇ ಸುತ್ತಿಕೊಂಡಿತು. ಶರ್ವಾಣಿಗೆ ಚಹಾ ಕೊಟ್ಟರು, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಗಂಡನ ಕಡೆ ತಿರುಗಲಿಲ್ಲ. ಅವಳು ಹೊರಟು ನಿಂತಾಗ, ನಾಡಿದ್ದು ಭಾನುವಾರ ಬಾ ತಾಯಿ, ನಿನ್ನ ಹತ್ತಿರ ನಡೆಯುವ ಬ್ಯಾಟರಿ ಇದ್ದರೆ ತಾ, ಆ ಮೈದಾನ ನೋಡಬೇಕು, ಅಲ್ಲಿ ಅಪ್ಪುವಿನ ಡ್ರೋನ್ ಹಾರುವುದನ್ನೂ ನೋಡಬೇಕು ಎಂದರು. ಎರಡು ದಿನ ಪ್ರೇಮಾ ಹೊತ್ತಿಗೆ ಸರಿಯಾಗಿ ಕುಕ್ಕರ್ ಇಟ್ಟರು, ಬಡಿಸಿದರು. ಬೈದರೆ ಬೈಯಲಿ, ಎರಡೇಟು ಹಾಕಿದರೂ ಹಾಕಲಿ ಎಂದು ಗುರುಸಿದ್ದಪ್ಪ ಆಕೆಯ ಹಿಂದೆ ಮುಂದೆ ಸುಳಿದಾಡಿದರು. ಆಕೆ ಬೈಯಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಹೊರಟಿತು. ಹೆದ್ದಾರಿ ಹತ್ತುವ ಅಗತ್ಯವೇ ಬೀಳಲಿಲ್ಲ. ದ್ರಾಕ್ಷಿ ತೋಟಗಳ ನಡುವಿನ ಒಳದಾರಿ, ಎದುರಿಗೆ ಒಂದು ಎತ್ತಿನ ಗಾಡಿ, ಎರಡು ಸೈಕಲ್ಲು, ಅಷ್ಟೇ. ಪ್ರೇಮಾ ಮನೆಯ ಗೇಟಿನಿಂದ ಕೈಗಡಿಯಾರ ನೋಡುತ್ತಲೇ ಕೂತಿದ್ದರು. ಶಾಲೆಯ ಮುಂದೆ ಕಾರು ನಿಂತಾಗ, "ಹದಿನೆಂಟು ನಿಮಿಷ" ಎಂದರು, ಯಾರಿಗೂ ಅಲ್ಲ.

ಮೈದಾನ ಚೆನ್ನಾಗಿತ್ತು. ಸುತ್ತ ಕಾಂಪೌಂಡು, ಒಂದು ಮೂಲೆಗೆ ಎರಡು ಬೇವಿನ ಮರ, ತಂತಿಗಳು ರಸ್ತೆಯ ಆಚೆ ಬದಿಗೆ. ತಾವು ತಪಾಸಣೆಗೆ ಬಂದಿದ್ದರೆ ಒಂದು ತಪ್ಪೂ ಹಿಡಿಯಲಾಗುತ್ತಿರಲಿಲ್ಲ. ಒಂದು ದಿನವಾದರೂ ಬಂದು ನೋಡಬೇಕೆಂದು ಅನ್ನಿಸಿರಲಿಲ್ಲ. ಕೆಂಪು ಗೆರೆಯ ಒಳಗಿದೆ ಎಂದ ಮೇಲೆ ನೋಡುವುದೇನು?

ಶರ್ವಾಣಿ ಡಬ್ಬಿ ತೆರೆದು, ಡ್ರೋನನ್ನು ಸಮತಟ್ಟು ನೆಲದ ಮೇಲಿಟ್ಟು, ತಾನು ತಂದ ಬ್ಯಾಟರಿ ಕೂರಿಸಿದಳು. ಮುಚ್ಚಳದ ಒಳಬದಿಗೆ ಅಪೂರ್ವಳ ಪಟ್ಟಿ ಅಂಟಿಸಿತ್ತು. ಅಪ್ಪ ಹೇಳಿ ಬರೆಸಿದ್ದು. ತಂತಿ ನೋಡು. ಗಾಳಿ ನೋಡು. ಹಕ್ಕಿ ನೋಡು. ಕೆಳಗೆ ಯಾರೂ ಇಲ್ಲ, ನೋಡು. ಇಳಿದ ಮೇಲೆ ಪಪ್ಪಾಗ ಫೋನ್ ಮಾಡು. ಗುರುಸಿದ್ದಪ್ಪ ಮತ್ತೆ ಮತ್ತೆ ಓದಿದರು. ದಾರಿ ನೋಡು ಎಂದು ಎಲ್ಲೂ ಬರೆಸಿರಲಿಲ್ಲ.

ಅವರು ಹೆಂಡತಿಯ ಹತ್ತಿರ ಹೋದರು. ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಬಂದದ್ದು ಇಷ್ಟೇ.

"ಕಾಯ್ದೆ ಅಲ್ಲ ಅದು, ಪ್ರೇಮಾ. ನಂದ ಗೆರಿ. ನಿನ್ನ ಮುಂದ ಸುಳ್ಳು ಹೇಳಿದೆ."

"ಗೊತ್ತಾತ್ರಿ."

ಬೇವಿನ ಮರದ ಕೆಳಗೆ ಒಂದು ಆಡು ಮರಿಯ ಜೊತೆ ನಿಂತಿತ್ತು. ಪ್ರೇಮಾ ಅದನ್ನು ನೋಡುತ್ತ ಮಾತಾಡಿದರು, ಅಂಗಡಿಯ ಸಾಮಾನು ಹೇಳುವಷ್ಟು ಸಾವಕಾಶವಾಗಿ.

"ಅವತ್ತ ಮುಂಜಾನೆ ಅಕಿ ನನ್ನ ಕೇಳಿದ್ಲು. ಒಬ್ಬಾಕಿನ ಅಷ್ಟು ದೂರ ಹೋಗಾಕ ಬ್ಯಾಸರ ಅವ್ವಾ, ಇಲ್ಲೇ ಸಾಲಿ ಮೈದಾನಕ್ಕ ಹೋಗಿ ಬರ್ತೀನಿ, ಪಪ್ಪಾನಾ ಸಾಂಗೂ ನಕೋ, ಹೇಳಬ್ಯಾಡ ಅಂದ್ಲು. ನಾನ ಬ್ಯಾಡ ಅಂದೆ. ಅಪ್ಪ ಎಲ್ಲಾ ನೋಡಿ ಹೇಳಿರ್ತಾರ, ಅಲ್ಲಿಗೇ ಹೋಗು ಅಂದೆ."

ಗುರುಸಿದ್ದಪ್ಪ ಆಕೆಯ ಮುಖದತ್ತ ತಿರುಗಿದರು. ಪ್ರೇಮಾ ಆಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಆಮ್ಯಾಲ ನಿಮ್ಮನ್ನ ಕೇಳಿದೆ. ನೀವು ಕಾಯ್ದೆ ಅಂದ್ರಿ. ಹಂಗಾದ್ರ ನಾನು ಬ್ಯಾಡ ಅಂದದ್ದು ತಪ್ಪಲ್ಲ ಅಂತ, ಅದೊಂದ ಮಾತು ಹಿಡಕೊಂಡು ಇಷ್ಟು ದಿನ ಉಣ್ಣಾಕತ್ತಿದ್ದೆ."

ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಮೈದಾನದ ಒಳಗೆ ನಡೆದರು. ಗುರುಸಿದ್ದಪ್ಪ ಕೈ ಚಾಚಿದರು. ಆಕೆಗೆ ಅದು ಕಂಡಿತೋ ಇಲ್ಲವೋ. ಶಾಲೆಯ ಹುಡುಗರು ಸುಣ್ಣದಲ್ಲಿ ಎಳೆದಿದ್ದ ಕಬಡ್ಡಿ ಅಂಕಣ ದಾಟಿ, ಡ್ರೋನಿನ ಪಕ್ಕದಲ್ಲೇ ಹಾಯ್ದು, ನಟ್ಟನಡುವೆ ಹೋಗಿ ಪ್ರೇಮಾ ನೆಲದ ಮೇಲೆ ಕೂತುಬಿಟ್ಟರು.

ಶರ್ವಾಣಿ ರಿಮೋಟ್ ಹಿಡಿದು ನಿಂತಿದ್ದಳು. ಕಾಕಾ, ಕಾಕೂ ಈ ಕಡೆ ಬರಬೇಕು, ಕೆಳಗೆ ಜನ ಇದ್ದರೆ ಏರಿಸುವಂತಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದಳು. ಗುರುಸಿದ್ದಪ್ಪ ಕಿಸೆಯಿಂದ ಪೆನ್ನು ತೆಗೆದಿದ್ದರು, ಮೂವತ್ತೆರಡು ವರ್ಷದ ರೂಢಿ. ಮುಚ್ಚಳದ ಪಟ್ಟಿಯಲ್ಲಿ ತಂತಿಗೆ ಗೀಟು ಹಾಕಿದರು. ಗಾಳಿಗೆ ಹಾಕಿದರು. ಆಕಾಶದಲ್ಲಿ ಹಕ್ಕಿ ಇರಲಿಲ್ಲ, ಅದಕ್ಕೂ ಹಾಕಿದರು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು.

"ಇರಲಿ ಬಿಡವ್ವಾ, ಕೂಡಲಿ" ಎಂದು ಪೆನ್ನನ್ನು ಮತ್ತೆ ಕಿಸೆಗೆ ಹಾಕಿಕೊಂಡರು.

ಡ್ರೋನಿನ ಹಸಿರು ದೀಪ ಮಿಣುಕುತ್ತಿತ್ತು. ಆಡಿನ ಮರಿ ಬಂದು ಅದನ್ನೊಮ್ಮೆ ಮೂಸಿ ನೋಡಿ, ಪ್ರೇಮಾ ಕೂತಿದ್ದ ಕಡೆಗೆ ಹೋಯಿತು.