ಹರಳೆಣ್ಣೆಯ ಹೊಗೆ

ಹರಳೆಣ್ಣೆ ವಾಸನೆ ಎಲ್ಲಿಂದ ಬಂತು, ಓ, ನನ್ನ ಕೈಯಿಂದಲೇ, ಈಗಷ್ಟೇ ಪೆಟ್ರೋಲಿಗೆ ಬೆರೆಸಿದ್ದಲ್ಲವೇ, ಅಣ್ಣ ಶಶಿ ಬೆರೆಸುತ್ತಿದ್ದ ಹಾಗೆಯೇ, ರೇಸ್ ಬೈಕಿಗೆ ಬೇರೆ ಎಣ್ಣೆ ಆಗಿಬರಲ್ಲ ಕಣೋ ತಿಮ್ಮೇಶ ಅಂತ ಬೆರಳು ಮೂಸಿ ನಗುತ್ತಿದ್ದ, ಅವ್ವ ನಮ್ಮ ನೆತ್ತಿಗೆ ತಟ್ಟುತ್ತಿದ್ದದ್ದೂ ಇದೇ ಎಣ್ಣೆ — ಅವ್ವ ಎಲ್ಲಿ, ಬೀರಮ್ಮನ ಮನೆಗೆ ಹೋದಳು, ನಾನೇ ನೋಡಿದೆ, ಕೊಟ್ಟಿಗೆಯಲ್ಲೀಗ ನಾನು ಮತ್ತು ಅಣ್ಣನ ಬೈಕು, ಇಬ್ಬರೇ. ಅಂಗಡಿಯಲ್ಲಿ ಮಾರಿದ್ದಲ್ಲ ಇದು, ಕಂಪನಿಯವರು ತಮ್ಮ ರೇಸ್ ತಂಡಕ್ಕೆಂದೇ ಕಟ್ಟಿದ್ದು, ಇದರ ಒಂದು ಬೋಲ್ಟೂ ಅರಸೀಕೆರೆಯಲ್ಲಿ ಸಿಗದು, ಪಿಸ್ಟನ್ನು ಹುಡುಕಿಕೊಟ್ಟವನು ಬೇಲೂರಿನ ಉಮಾಶಂಕರ್, ಅವನಿಗೂ ನನ್ನದೇ ಹುಚ್ಚು, ಹಳೇ ರೇಸ್ ಬೈಕು ಕಂಡರೆ ಊಟ ಮರೆಯುತ್ತಾನೆ, ಸದ್ದು ಬರದಿದ್ರೆ ಅದು ಬರೀ ಕಬ್ಬಿಣ ಕಣಯ್ಯ ಎಂದ, ಹೇಳುವುದಕ್ಕೇನು, ಅವನಿಂದ ಯಾವ ತಾಯಿ ಮಾತು ತೆಗೆದುಕೊಂಡಿದ್ದಾಳೆ, ನನ್ನಿಂದ ಅವ್ವ ತೆಗೆದುಕೊಂಡಿದ್ದಾಳೆ, ಬಣ್ಣ ಹಚ್ಕ, ಪೂಜೆ ಮಾಡ್ಕ, ಏನಾರ ಮಾಡ್ಕ, ಸದ್ದು ಮಾತ್ರ ಮಾಡಿಸ್‌ಬ್ಯಾಡ ಕಣಪ್ಪ.

ಬಾಣಾವರದ ಕಡೆಯ ಕೆರೆಯಂಗಳದಲ್ಲಿ ಓಡಿಸಿ ಬರುತ್ತಾನೆ ಅಣ್ಣ, ಸದ್ದು ಅವನಿಗಿಂತ ಮೊದಲೇ ಮನೆ ಸೇರುತ್ತದೆ, ಅವ್ವ ಕೈಲಿದ್ದದ್ದನ್ನು ಬಿಟ್ಟು ಹಿತ್ತಲ ಬಚ್ಚಲಿಗೆ ಓಡುತ್ತಾಳೆ, ಹಂಡೆ ಒಲೆಗೆ ತೆಂಗಿನ ಸಿಪ್ಪೆ ತುರುಕುತ್ತಾಳೆ, ಹೆಂಚಿನ ಮೇಲೆ ಹೊಗೆ, ಅಲ್ಲೇ ಬಿಚ್ಚಾಕ್ಲಾ ಬಟ್ಟೆಯ, ಒಳಿಕ್ಕೆ ಮಣ್ಣು ತರಬ್ಯಾಡ — ಕಣ್ಣೆರಡು ಬಿಟ್ಟು ಮೈಯೆಲ್ಲ ಮಣ್ಣು ಅವನಿಗೆ. ಹಳೇಬೀಡಿನ ಕಡೆ ಗುಡ್ಡದಲ್ಲಿ ರೇಸು ನಡೆದ ದಿನವೂ ಹಂಡೆ ಕಾದಿತ್ತು, ಹಾರಿ ಬಿದ್ದ ಬೈಕಿಗೆ ಒಂದು ಗೀರೂ ಇಲ್ಲ, ಅಣ್ಣ ಏಳಲಿಲ್ಲ, ನೀರು ಹಾಗೇ ಆರಿತು, ಆಮೇಲೆ ಆ ಒಲೆಗೆ ಬೆಂಕಿ ಬಿದ್ದಿಲ್ಲ, ಈಗ ಮನೆ ಮೇಲೆ ಸೋಲಾರ್ ಕೂತಿದೆ. ಇಂಜಿನ್ನಿನ ಅಡಿಗೆ ಅಂಟಿದ್ದ ಆ ಗುಡ್ಡದ ಮಣ್ಣನ್ನು ನಾನೇ ಕೆರೆದು ತೆಗೆದೆ, ಎಸೆಯಲಾಗಲಿಲ್ಲ, ಡಬ್ಬಿಯಲ್ಲಿದೆ, ಏನು ಮಾಡುತ್ತೇನೆ ಅದನ್ನಿಟ್ಟುಕೊಂಡು. ಒಂದೇ ಸಲ, ಯಾರಿಗೆ ಕೇಳೀತು, ಅವಳೊಬ್ಬಳೇ ಕಳೆದುಕೊಂಡಳೇ, ನಾನೂ ಕಳೆದುಕೊಂಡಿದ್ದೇನೆ, ನನಗೂ ಕೇಳಬೇಕು — ಕಿಕ್ಕರ್ ಒದ್ದೆ, ಕೆಮ್ಮಿತು, ಮತ್ತೆ ಒದ್ದೆ, ಹತ್ತಿತು, ಅಯ್ಯೋ ಅದೇ ಗಂಟಲು, ಅದೇ, ನೀಲಿ ಹೊಗೆ ಕೊಟ್ಟಿಗೆಯೆಲ್ಲ ತುಂಬಿ ಹರಳೆಣ್ಣೆ ಹರಳೆಣ್ಣೆ, ಅಣ್ಣ ನನ್ನ ಬೆನ್ನ ಹಿಂದೆಯೇ ನಿಂತಿದ್ದಾನೆ, ತಿರುಗಿದರೆ ಹೋಗಿಬಿಡುತ್ತಾನೆ, ತಿರುಗುವುದಿಲ್ಲ, ಸಾಕು, ಆರಿಸಿದೆ.

ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದೆ, ಬೀದಿಯಲ್ಲಿ ಬೀರಮ್ಮ ಅವ್ವನನ್ನು ಕೂಗುತ್ತಿದ್ದಾಳೆ, ಯಾಕ್ ಮುದ್ದಮ್ಮಾ ಹಂಗ್ ಓಡೀಯೆ, ಬಿದ್ದೀಯ, ನಿಂತ್ಕ — ಅವ್ವ ನನ್ನತ್ತ ಬರುತ್ತಿದ್ದಾಳೆ, ಬಯ್ಯಲಿ, ಹೊಡೆಯಲಿ, ಕಾಲಿಗೆ ಬೀಳುತ್ತೇನೆ, ಆದರೆ ಹೆಜ್ಜೆ ಕೊಟ್ಟಿಗೆ ದಾಟಿ ಹಿತ್ತಲಿಗೆ ಹೋಯಿತು, ಬಚ್ಚಲ ಬಾಗಿಲು ಕಿರುಗುಟ್ಟಿತು, ಸಿಪ್ಪೆ ಮುರಿದ ಸದ್ದು, ಅವ್ವಾ, ನಾನು ಕಣವ್ವ, ತಿಮ್ಮೇಶ, ಎನ್ನಲೆಂದು ಅಂಗಳಕ್ಕೆ ಬಂದು ನಿಂತಿದ್ದೇನೆ, ಬಚ್ಚಲೊಳಗಿಂದ ಅವ್ವನ ಕೂಗು, ಅಲ್ಲೇ ಬಿಚ್ಚಾಕ್ಲಾ ಬಟ್ಟೆಯ, ಒಳಿಕ್ಕೆ ಮಣ್ಣು ತರಬ್ಯಾಡ, ನನ್ನ ಮೈಮೇಲೆ ಮಣ್ಣೇ ಇಲ್ಲ, ಬಚ್ಚಲ ಹೆಂಚಿನ ಮೇಲೆ ಹೊಗೆ, ಹೊಗೆ